ಬಲ್ಬಿನ ಪೆಟ್ಟಿಗೆ

ಆ ಮನೆಯಲ್ಲಿ ಹೇಸಿಗೆ ಎನ್ನುವುದು ಸೊಸೆಯೊಬ್ಬಳಿಗೆ ಮಾತ್ರ ಇತ್ತು. ಉಳಿದವರಿಗೆ ಅದು ಹುಟ್ಟಿನಿಂದಲೇ ಇರಲಿಲ್ಲವೋ, ವಾರ್ನಿಷ್ ವಾಸನೆಯಲ್ಲಿ ಬದುಕಿ ಬದುಕಿ ಮೂಗಿನ ಜೊತೆಗೆ ಅದೂ ಸತ್ತುಹೋಗಿತ್ತೋ, ಹೇಳುವುದು ಕಷ್ಟ. ಮನೆಯ ಮುಂಭಾಗವೇ ಅಂಗಡಿ. ಸುಟ್ಟುಹೋದ ಮೋಟಾರುಗಳು ಅಲ್ಲಿಗೆ ಬರುತ್ತಿದ್ದವು. ಯಜಮಾನ ಅವುಗಳ ಹೊಟ್ಟೆಯಿಂದ ಕರಕಲಾದ ತಂತಿಯನ್ನು ಕಿತ್ತುಹಾಕಿ ಹೊಸ ತಾಮ್ರದ ತಂತಿ ಸುತ್ತುತ್ತಿದ್ದ, ಮೇಲೆ ವಾರ್ನಿಷ್ ಸುರಿಯುತ್ತಿದ್ದ, ದೊಡ್ಡ ಬಲ್ಬುಗಳು ಉರಿಯುವ ತಗಡಿನ ಪೆಟ್ಟಿಗೆಯೊಳಗಿಟ್ಟು ಒಣಗಿಸುತ್ತಿದ್ದ. ಒಣಗಿದೆಯೇ ಇಲ್ಲವೇ ಎಂದು ಹೆಬ್ಬೆರಳಿನಿಂದ ಒತ್ತಿ ನೋಡುವುದು ಅವನ ಪದ್ಧತಿ. ಊಟಕ್ಕೆ ಕೂತಾಗ ಬ್ರೆಡ್ಡು ಮುರಿಯುತ್ತಿದ್ದುದೂ ಅದೇ ಹೆಬ್ಬೆರಳಿನಿಂದ. ಅಂಗಡಿಗೂ ಊಟದ ಮೇಜಿಗೂ ನಡುವೆ ಒಂದು ಪರದೆ ಇತ್ತು, ಎಲ್ಲರೂ ಅದಕ್ಕೇ ಕೈ ಒರೆಸುತ್ತಿದ್ದರು.

ಸೊಸೆ ಮದುವೆಯಾಗಿ ಬಂದ ಹೊಸತರಲ್ಲಿ ಆ ಪರದೆಯನ್ನು ಒಗೆದು ಹರವಿದ್ದಳು. "ಒಗೆದ್ರೆ ಬಟ್ಟೆ ಸವೆಯುತ್ತೆ ಕಣಮ್ಮ," ಎಂದು ಅತ್ತೆ ಮುಖ ಸಿಂಡರಿಸಿದ್ದಳು. ಆಮೇಲೆ ಸೊಸೆ ಪರದೆಯ ತಂಟೆಗೆ ಹೋಗದೆ ಅಂಗಡಿಯ ಕೆಲಸ ಕಲಿತಳು. ಸುತ್ತಿ ಮುಗಿದ ಮೋಟಾರಿಗೆ ಮೆಗ್ಗರ್ ಯಂತ್ರದ ಕೆಂಪು, ಕಪ್ಪು ವೈರುಗಳನ್ನು ಹಚ್ಚಿ, ತಂತಿಯ ಮೇಲಿನ ಹೊದಿಕೆ ಗಟ್ಟಿಯಾಗಿದೆಯೋ, ಎಲ್ಲಾದರೂ ಕರೆಂಟು ಸೋರುತ್ತಿದೆಯೋ ಎಂದು ಪರೀಕ್ಷೆ ಮಾಡುವುದು ಅವಳ ಪಾಲಿನ ಕೆಲಸ. ಅವಳು ಸರಿ ಎಂದ ಮೋಟಾರು ವಾಪಸು ಬಂದದ್ದೇ ಇಲ್ಲ. ಕಲಿಸಿದವನು ಮಾವನೇ, ಅಂದರೆ ಆ ಯಜಮಾನ. ಅಂಗಡಿಯ ಕೆಲಸದಲ್ಲಿ ಅವನ ಮಾತು ಸುಳ್ಳಾದದ್ದನ್ನು ಅವಳೂ ಕಂಡಿರಲಿಲ್ಲ, ಅದೇ ಆಮೇಲೆ ಅವಳಿಗೆ ಮುಳುವಾಯಿತು.

ಇನ್ನು ಅವಳ ಗಂಡ. ಯಾರು ಏನು ಹೇಳಿದರೂ "ಹ್ಞೂಂ" ಎನ್ನುತ್ತಿದ್ದನಾದ್ದರಿಂದ ಬೀದಿಯವರು ಅವನಿಗೆ ಹೂಂಗುಟ್ಟಪ್ಪ ಎಂದು ಹೆಸರಿಟ್ಟಿದ್ದರು. ಅಪ್ಪ ಹೇಳಿದ್ದಕ್ಕೂ ಹ್ಞೂಂ, ಹೆಂಡತಿ ಅದಕ್ಕೆ ಎದುರು ಹೇಳಿದ್ದಕ್ಕೂ ಹ್ಞೂಂ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇಂಥವರನ್ನು ಜನ ಸಾಧು ಎನ್ನುತ್ತಾರೆ. ನನ್ನನ್ನು ಕೇಳಿದರೆ ಬೇರೆ ಮಾತು ಹೇಳುತ್ತೇನೆ.

ಕಾಯಿಲೆ ಶುರುವಾದದ್ದು ತಟ್ಟೆಗಳಿಂದ. ತೊಳೆಯುವಾಗ ಕೈಯಿಂದ ಜಾರಿದವು. ಆಮೇಲೆ ಹಿತ್ತಿಲ ಮೆಟ್ಟಿಲಲ್ಲಿ ಎಡವಿ ಎರಡು ಸಲ ಬಿದ್ದಳು. ಅಂಗಾಲು ಜುಮ್ಮೆನ್ನುತ್ತದೆ, ಹತ್ತಿಯ ಮೇಲೆ ನಡೆದಂತಿದೆ ಎಂದಳು.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದಳು ಅತ್ತೆ, ಒಡೆದ ತಟ್ಟೆಯ ಚೂರು ಆರಿಸುತ್ತ. "ಕೆಲಸ ಬೇಡ ಅಂದ್ರೆ ಬಾಯಿಬಿಟ್ಟು ಹೇಳು, ತಟ್ಟೆ ಯಾಕೆ ಒಡೀತೀಯ?"

"ಬೇಕು ಅಂತ ಒಡೆದ್ನಾ ಅತ್ತೆ?"

"ಬೇಡ ಅಂತಾನೂ ಒಡೆದಂಗೆ ಕಾಣ್ಲಿಲ್ಲ."

ಒಂದು ಬೆಳಿಗ್ಗೆ ಮೆಗ್ಗರ್ ಹಿಡಿದು ಕೂತವಳಿಗೆ ಕೆಂಪು ವೈರು ಹಳೆಯ ಇಟ್ಟಿಗೆಯ ಬಣ್ಣಕ್ಕೆ ತಿರುಗಿದಂತೆ ಕಂಡಿತು. ಬಲಗಣ್ಣು ಮುಚ್ಚಿದರೆ ಕೆಂಪು, ಎಡಗಣ್ಣು ಮುಚ್ಚಿದರೆ ಇಟ್ಟಿಗೆ. ಕಣ್ಣುಗುಡ್ಡೆ ಹೊರಳಿಸಿದರೆ ನೋವು. ಇಂಥ ಪರೀಕ್ಷೆ ಮಾಡಿ ಬಲ್ಲವಳಾದ್ದರಿಂದ ಅವಳಿಗೆ ಗಾಬರಿಯಾಯಿತು. ಕಣ್ಣು ಕೆಟ್ಟರೆ ಅಂಗಡಿಯ ಕೆಲಸ ಕೆಡುತ್ತದೆ ಎಂದು ಮಾವನಿಗೂ ಗಾಬರಿಯಾಯಿತು. ಗಂಡನೂ ಸೇರಿ ಆಸ್ಪತ್ರೆಗೆ ಮೂವರೂ ಹೋದರು.

ನರಗಳ ಡಾಕ್ಟರಮ್ಮ ತಲೆಯ ಚಿತ್ರ ತೆಗೆಸಿ, ಬೆನ್ನಿನಿಂದ ನೀರು ತೆಗೆಸಿ, ಕೊನೆಗೆ ಕೂರಿಸಿಕೊಂಡು ಹೇಳಿದಳು: "ನರದ ಮೇಲೆ ಮಯೆಲಿನ್ ಅಂತ ಒಂದು ಹೊದಿಕೆ ಇರುತ್ತೆ. ಮೈಯನ್ನ ಕಾಯಬೇಕಾದ ಕಣಗಳೇ ತಪ್ಪು ತಿಳ್ಕೊಂಡು ಅದನ್ನ ತಿಂದುಹಾಕ್ತಿವೆ. ಹೊದಿಕೆ ಹೋದ ಕಡೆ ಮೆದುಳಿಂದ ಹೊರಟ ಸುದ್ದಿ ಕೈಕಾಲಿಗೆ ಸರಿಯಾಗಿ ಮುಟ್ಟಲ್ಲ. ಕಣ್ಣಿಂದ ಮೆದುಳಿಗೆ ಹೋಗೋದೂ ಹಾಗೇ."

ಯಜಮಾನ ಬಾಯಿ ಬಿಟ್ಟುಕೊಂಡು ಕೂತಿದ್ದ. ಡಾಕ್ಟರಮ್ಮ ಅವನ ಉಗುರಿನಲ್ಲಿದ್ದ ವಾರ್ನಿಷ್ ನೋಡಿ, ಏನು ಕೆಲಸ ಎಂದು ಕೇಳಿ, ನಕ್ಕಳು. "ಹಾಗಾದ್ರೆ ನಿಮಗೆ ಬೇಗ ಅರ್ಥ ಆಗುತ್ತೆ. ನಿಮ್ಮ ತಂತಿ ಮೇಲೆ ವಾರ್ನಿಷ್ ಇರುತ್ತಲ್ಲ, ಅದು ಕಿತ್ತುಹೋದಂಗೆ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು ಪಾಪ. ಆದರೆ ಯಜಮಾನನ ಬೆನ್ನು ನೆಟ್ಟಗಾಯಿತು.

"ಅದನ್ನ ಯಾತರಿಂದ ಮಾಡಿರ್ತಾರೆ?"

"ಯಾವುದನ್ನ?"

"ಆ ನರದ ವಾರ್ನಿಷ್ಷನ್ನ."

"ಹೆಚ್ಚು ಭಾಗ ಕೊಬ್ಬು," ಎಂದಳು ಡಾಕ್ಟರಮ್ಮ. "ಈಗ ಕೆಲವು ದಿನ ಡ್ರಿಪ್ ಕೊಡ್ತೀವಿ, ಕಣ್ಣು ಸುಧಾರಿಸುತ್ತೆ. ಬರೋ ತಿಂಗಳ ಮೊದಲನೇ ಸೋಮವಾರ ಬನ್ನಿ, ದೊಡ್ಡ ಔಷಧಿ ಶುರುಮಾಡೋಣ. ಅದು ಮತ್ತೆ ಮತ್ತೆ ಬರೋದನ್ನ ತಡೆಯೋದಕ್ಕೆ. ತಪ್ಪಿಸಬೇಡಿ. ಇನ್ನೊಂದು ಸಲ ಬಂದ್ರೆ ಇನ್ನೊಂದು ಕಣ್ಣನ್ನೂ ಹಿಡೀಬಹುದು."

ನರ್ಸು ಸೊಸೆಯನ್ನು ಡ್ರಿಪ್ಪಿಗೆ ಕರೆದೊಯ್ದಳು. ಯಜಮಾನ ಆಗಲೇ ಎದ್ದು ಹೊರಗೆ ನಡೆದಿದ್ದ. ಬಾಗಿಲ ಬಳಿ ಡಾಕ್ಟರಮ್ಮ ಹೂಂಗುಟ್ಟಪ್ಪನನ್ನು ನಿಲ್ಲಿಸಿ ಮತ್ತೆರಡು ಮಾತು ಹೇಳಿದಳು. ಅವನು ಹ್ಞೂಂ ಎಂದ.

ಸೊಸೆ ಡ್ರಿಪ್ ಮುಗಿಸಿ ಮನೆಗೆ ಬರುವಷ್ಟರಲ್ಲಿ ಅಡಿಗೆಮನೆಯ ಪಕ್ಕದ ಕತ್ತಲೆ ಉಗ್ರಾಣ ಖಾಲಿಯಾಗಿತ್ತು. ಯಜಮಾನ ಅಂಗಡಿಯ ಹಳೆಯ ಪೆಟ್ಟಿಗೆಯ ಒಂದು ಪಕ್ಕ ಕತ್ತರಿಸಿ, ಒಳಗೆ ಬಲ್ಬುಗಳನ್ನು ಜೋಡಿಸಿ, ಮುಂದೊಂದು ಕುರ್ಚಿ ಹಾಕಿದ್ದ. ಕಾಲು ಮೊಣಕಾಲಿನ ತನಕ ಪೆಟ್ಟಿಗೆಯೊಳಗೆ, ಮೇಲೆ ಕಂಬಳಿ, ಬೆನ್ನ ಹಿಂದೆ ಇನ್ನೊಂದು ಬಲ್ಬು.

"ಮೊದ್ಲು ಕೊಬ್ಬು, ಆಮೇಲೆ ಕಾವು," ಎಂದ. "ಹಸಿ ವಾರ್ನಿಷ್ ಹಚ್ಚಿ ಹಾಗೇ ಬಿಟ್ರೆ ನಿಲ್ಲುತ್ತಾ? ಬೇಯಿಸ್ಬೇಕು. ಡಾಕ್ಟರು ಓದಿದ್ದಾರೆ, ಇಲ್ಲ ಅನ್ನಲ್ಲ. ಆದ್ರೆ ಒಂದು ಮೋಟಾರು ಬಿಚ್ಚಿದ್ದಾರಾ?"

"ಮಾವ, ನಾನು ಮೋಟಾರಾ?"

"ಮೋಟಾರಿಗಿಂತ ಹೆಚ್ಚಮ್ಮ ನೀನು. ಅದಕ್ಕೇ ಇಷ್ಟು ಕಷ್ಟ ಪಡ್ತಿರೋದು."

ಅವಳು ಗಂಡನ ಮುಖ ನೋಡಿದಳು. ಅವನು ಬಲ್ಬಿನ ಹೋಲ್ಡರು ಬಿಗಿಮಾಡುತ್ತಿದ್ದ.

ಅತ್ತೆ ಕಸಾಯಿ ಅಂಗಡಿಯಿಂದ ಕುರಿಯ ಕೊಬ್ಬು ತಂದು ಕರಗಿಸಿ ಡಬ್ಬದಲ್ಲಿ ತುಂಬಿಟ್ಟಳು. ಬೆಳಿಗ್ಗೆ ಒಂದು ಬಟ್ಟಲು ಮೂಳೆಯ ರಸ, ಮಧ್ಯಾಹ್ನ ಕೊಬ್ಬಿನಲ್ಲಿ ಕರಿದ ಮೊಟ್ಟೆ, ಸಂಜೆ ಅದೇ ಕೊಬ್ಬು ಕಾಲಿಗೆ, ಬೆನ್ನಿಗೆ, ಕತ್ತಿಗೆ. ಆಮೇಲೆ ಪೆಟ್ಟಿಗೆ. ಉಗ್ರಾಣದ ಬಾಗಿಲು ಹಾಕಿದರೆ ಒಳಗಿನ ಗಾಳಿ ಒದ್ದೆ ಕಂಬಳಿ, ಕುರಿ, ಬೆವರು ಎಲ್ಲ ಸೇರಿ ಗಂಟಲಿಗೆ ಅಂಟುತ್ತಿತ್ತು. ಮುಗಿದ ಮೇಲೆ ಅತ್ತೆ ಚಮಚದ ಬೆನ್ನಿನಿಂದ ಸೊಸೆಯ ಕಾಲಿನ ಮೇಲಿನ ಕೊಬ್ಬನ್ನು ಹೆರೆದು ಹೆರೆದು ಮತ್ತೆ ಡಬ್ಬಕ್ಕೆ ಹಾಕುತ್ತಿದ್ದಳು.

"ಅಜ್ಜಿ, ಅದ್ರಲ್ಲಿ ಕೂದಲಿದೆ," ಎಂದಳು ಸೊಸೆಯ ಮಗಳು. ಹತ್ತು ವರ್ಷದ ಹುಡುಗಿ, ಬಾಯಿ ಮಾತ್ರ ಇಪ್ಪತ್ತರದು.

"ಕೂದಲಿದ್ರೆ ಏನಾಯ್ತು? ಅವಳ ಕಾಲಿಂದೇ ತಾನೆ. ನಾಳೆ ಅದೇ ಕಾಲಿಗೆ ಹೋಗುತ್ತೆ."

"ಮೊಟ್ಟೆ ಕರಿದದ್ದೂ ಇದೇ ಡಬ್ಬದಿಂದ ಅಲ್ವಾ?"

"ನೀನು ತಿಂದ್ಯಾ? ಇಲ್ಲ ತಾನೆ? ಮುಚ್ಕೊಂಡು ಓದ್ಕೊ ಹೋಗು."

ಸೊಸೆ ಹಿತ್ತಿಲಿಗೆ ತಡವರಿಸಿಕೊಂಡು ಹೋಗಿ ತಿಂದದ್ದನ್ನೆಲ್ಲ ಕಕ್ಕಿದಳು. "ಹೇಸಿಗೆ ಪಟ್ಕೊಂಡ್ರೆ ಕಾಯಿಲೆ ವಾಸಿಯಾಗುತ್ತಾ?" ಎಂದು ಯಜಮಾನ ಪರದೆಯಾಚೆಯಿಂದ ಕೂಗಿದ. "ನಾವೆಲ್ಲ ಕೈಯಲ್ಲಿ ಏನೇನು ಮುಟ್ಟಿದ್ದೀವಿ! ಹೇಸಿಗೆ ಅನ್ನೋದು ಕೆಲಸ ಇಲ್ಲದವರ ಕಾಯಿಲೆ."

ಇಷ್ಟಾದರೂ ಮೊದಲ ವಾರ ಅವಳಿಗೆ ಗುಣವೇ ಕಂಡಿತು. ಕಣ್ಣು ತಿಳಿಯಾಯಿತು, ನಡಿಗೆ ನೆಟ್ಟಗಾಯಿತು. ಅದು ಆಸ್ಪತ್ರೆಯ ಡ್ರಿಪ್ಪಿನ ಗುಣ ಎಂದು ಹೇಳುವವರು ಯಾರು? ಉತ್ತವನು ಒಬ್ಬ, ಬಿತ್ತಿದವನು ಒಬ್ಬ, ಬೆಳೆಯೆಲ್ಲ ಪೆಟ್ಟಿಗೆಯ ಪಾಲಾಯಿತು. ಯಜಮಾನ ಬಂದ ಗಿರಾಕಿಗಳಿಗೆಲ್ಲ ತನ್ನ ವೈದ್ಯವನ್ನು ವರ್ಣಿಸಿದ. ಒಂದು ಸಂಜೆ ಹಿಟ್ಟಿನ ಗಿರಣಿಯವನನ್ನು ಒಳಗೇ ಕರೆತಂದ. ಸೊಸೆ ಬೆವರು ಸುರಿಸುತ್ತ ಕೂತಿದ್ದಳು. ಯಜಮಾನ ಕೇಳದೆಯೇ ಕಂಬಳಿ ಸರಿಸಿ, ಅವಳ ಮೀನಖಂಡದ ಮೇಲೆ ಹೆಬ್ಬೆರಳು ಒತ್ತಿದ.

"ನೋಡಿ, ಇನ್ನೂ ಸ್ವಲ್ಪ ಅಂಟ್ತಾ ಇದೆ. ಒಳಗೆ ಒಣಗಿಲ್ಲ. ಬಣ್ಣ ಮಾತ್ರ ಚೆನ್ನಾಗಿ ಬಂದಿದೆ."

ಗಿರಣಿಯವನು ಬಗ್ಗಿ ನೋಡಿ, "ಪರವಾಗಿಲ್ಲ," ಎಂದ. ಎಮ್ಮೆ ಕೊಳ್ಳಲು ಬಂದವನೂ ಅಷ್ಟು ಹತ್ತಿರ ಬಗ್ಗುವುದಿಲ್ಲ. ಹೂಂಗುಟ್ಟಪ್ಪ ಬಾಗಿಲಲ್ಲೇ ನಿಂತಿದ್ದ. ತನ್ನ ಹೆಂಡತಿಯ ಕಾಲಿನ ಕಡೆಗೆ ಕೈ ತೋರಿಸಿ ಯಾರೋ ಮಾತಾಡುತ್ತಿರುವಾಗ, "ಸ್ವಲ್ಪ ಜಾಗ ಬಿಡಿ" ಎಂದಾದರೂ ಅನ್ನಬಹುದಿತ್ತು. ಅದನ್ನೂ ಅನ್ನಲಿಲ್ಲ.

ಎರಡನೆಯ ವಾರದಲ್ಲಿ ಸೊಸೆ ಒಂದು ಸಂಗತಿ ಗಮನಿಸಿದಳು. ಪೆಟ್ಟಿಗೆಯಲ್ಲಿ ಕೂತು ಮೈ ಕಾದಂತೆ ಬಲಗಣ್ಣು ಮಬ್ಬಾಗುತ್ತಿತ್ತು, ಎದುರಿನ ಗೋಡೆಯ ಮೊಳೆ ಕಾಣಿಸುತ್ತಿರಲಿಲ್ಲ. ಎದ್ದರೆ ಕಾಲು ತನ್ನದಲ್ಲ ಎನ್ನುವಂತೆ ಮಡಚಿಕೊಳ್ಳುತ್ತಿತ್ತು. ಹಿತ್ತಿಲ ನಲ್ಲಿಯ ಕೆಳಗೆ ತಲೆ ಒಡ್ಡಿ ತಣ್ಣೀರು ಬಿಟ್ಟುಕೊಂಡರೆ ಕಣ್ಣು ಮತ್ತೆ ತಿಳಿಯಾಗುತ್ತಿತ್ತು. ಅವಳು ನಾಲ್ಕಾರು ಸಲ ನೋಡಿ ಖಚಿತ ಮಾಡಿಕೊಂಡು ಊಟದ ಹೊತ್ತಿಗೆ ಹೇಳಿದಳು.

"ಮಾವ, ಕಾವು ನನಗೆ ಆಗ್ತಿಲ್ಲ. ಬಿಸಿಯಾದ್ರೆ ಕಣ್ಣು ಹೋಗುತ್ತೆ, ತಣ್ಣಗಾದ್ರೆ ಬರುತ್ತೆ."

ಯಜಮಾನ ಬ್ರೆಡ್ಡಿನ ತುಂಡಿನಿಂದ ತಟ್ಟೆ ಒರೆಸುತ್ತ ನಕ್ಕ. "ನಾನು ನಿನಗೆ ಮೊದಲನೇ ದಿನ ಕಲಿಸಿದ್ದೇನು? ಪೆಟ್ಟಿಗೆಯಿಂದ ತೆಗೆದ ಬಿಸಿ ಮೋಟಾರಿಗೆ ಮೆಗ್ಗರ್ ಹಚ್ಚಿದ್ರೆ ಮುಳ್ಳು ಎಲ್ಲಿರುತ್ತೆ?"

"ಕೆಳಗಿರುತ್ತೆ."

"ಯಾಕೆ?"

"ಬಿಸಿಯಲ್ಲಿ ಕಡಿಮೆ ತೋರಿಸುತ್ತೆ. ತಣ್ಣಗಾದ ಮೇಲೆ ನೋಡ್ಬೇಕು."

"ಮತ್ತೆ! ಬಿಸಿಯಲ್ಲಿ ನಿನ್ನ ಕಣ್ಣೂ ಕಡಿಮೆ ತೋರಿಸುತ್ತೆ. ತಣ್ಣಗಾದ ಮೇಲೆ ಬಂತಲ್ಲ? ಅದೇ ಗುಣ. ನಿನ್ನ ಬಾಯಿಂದಾನೇ ಬಂತು ನೋಡು."

ಸೊಸೆಗೆ ತಾನು ಕಲಿತ ವಿದ್ಯೆಯೇ ತನ್ನ ಬಾಯಿಗೆ ಬಟ್ಟೆ ತುರುಕಿದಂತಾಗಿತ್ತು. ಮುದುಕ ಸುಳ್ಳು ಹೇಳುತ್ತಿರಲಿಲ್ಲ, ಅದೇ ದೊಡ್ಡ ದರಿದ್ರ. ಮೋಟಾರಿನ ಮಟ್ಟಿಗೆ ಪ್ರತಿ ಅಕ್ಷರವೂ ನಿಜ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಾದರೂ ಎಣಿಸಲು ಮೊಲ ಹಿಡಿದಿರುತ್ತಾನೆ, ಇವನು ಹಿಡಿದದ್ದು ಸೊಸೆಯನ್ನು.

"ಸೋಮವಾರ ಔಷಧಿಗೆ ಹೋಗ್ಬೇಕು," ಎಂದಳು ಕೊನೆಗೆ. "ಅದನ್ನಂತೂ ತಪ್ಪಿಸಲ್ಲ."

"ವಾರ್ನಿಷ್ ಒಣಗೋ ಮುಂಚೆ ಯಾರಾದ್ರೂ ಕರೆಂಟು ಕೊಡ್ತಾರಾ? ಒಳಗೆ ಹಸಿ ಇದೆ. ಈಗ ಹೊಸ ಔಷಧಿ ಹರಿಸಿದ್ರೆ ಮಾಡಿದ್ದೆಲ್ಲ ನೀರುಪಾಲು. ಇನ್ನೊಂದು ತಿಂಗಳು ಹೋಗ್ಲಿ."

"ಅತ್ತೆ, ನೀವಾದ್ರೂ ಹೇಳಿ."

"ನನ್ನ ಕೈಯಲ್ಲಿ ಏನಿದೆ? ದಿನಾ ಕೊಬ್ಬು ಉಜ್ಜಿ ಉಜ್ಜಿ ನನ್ನ ರಟ್ಟೆ ಬಿದ್ದುಹೋಗಿದೆ. ಅದನ್ನ ಯಾರೂ ಕೇಳಲ್ಲ."

"ರೀ," ಎಂದಳು ಗಂಡನಿಗೆ. "ಸೋಮವಾರ ಕರ್ಕೊಂಡು ಹೋಗ್ತೀರಾ?"

"ಹ್ಞೂಂ."

"ಏನು ಹ್ಞೂಂ?" ಎಂದ ಯಜಮಾನ. "ಸೋಮವಾರ ಗಿರಣಿಯ ಮೋಟಾರು ಕೊಡಬೇಕಲ್ಲ?"

"ಹ್ಞೂಂ," ಎಂದ ಹೂಂಗುಟ್ಟಪ್ಪ.

ಸೋಮವಾರ ಸೊಸೆ ಸೀರೆಯುಟ್ಟು, ಆಸ್ಪತ್ರೆಯ ಚೀಟಿ ಹಿಡಿದು, ಮಧ್ಯಾಹ್ನದ ತನಕ ಬಾಗಿಲಲ್ಲಿ ಕೂತಿದ್ದಳು. ಒಬ್ಬಳೇ ಬೀದಿಯ ತಿರುವಿನ ತನಕ ಹೋದಳು, ಅಲ್ಲಿ ಕಾಲು ಮಡಚಿ ಚರಂಡಿಯ ಪಕ್ಕ ಬಿದ್ದಳು. ಅಕ್ಕಪಕ್ಕದವರು ಎತ್ತಿಕೊಂಡು ಬಂದು ಬಿಟ್ಟರು. "ಕಾಲಲ್ಲಿ ಕಸುವಿಲ್ಲದವಳಿಗೆ ಊರು ಸುತ್ತೋ ಚಪಲ," ಎಂದಳು ಅತ್ತೆ. ಆ ದಿನ ಬಿದ್ದಿದ್ದಾಳೆಂದು ಪೆಟ್ಟಿಗೆಗೆ ಇನ್ನೊಂದು ಬಲ್ಬು ಹೆಚ್ಚಾಯಿತು.

ಅನಾಹುತ ಆದದ್ದು ಮುಂದಿನ ವಾರ, ರಜಾದಿನದ ಮಧ್ಯಾಹ್ನ. ಗಿರಣಿಯವನು ಸಂಜೆ ಬರುವವನಿದ್ದನೆಂದು ಪೆಟ್ಟಿಗೆಯ ಕೆಲಸವನ್ನು ಊಟದ ಹೊತ್ತಿಗೇ ಇಟ್ಟುಕೊಂಡಿದ್ದರು. ಸೊಸೆಯ ಕಾಲು ಒಳಗಿಟ್ಟು, ಕಂಬಳಿ ಹೊದಿಸಿ, ಬಾಗಿಲು ಮುಚ್ಚಿ, ಮಿಕ್ಕವರು ಮೇಜಿಗೆ ಕೂತರು. ಅನ್ನ, ಬೇಳೆ, ಬೇಯಿಸಿದ ಎಲೆಕೋಸು. ಹೊಸ ಬಲ್ಬನ್ನು ಇಕ್ಕಟ್ಟಿನಲ್ಲಿ ಕೂರಿಸಿದ್ದರಿಂದ ಅದು ಎಡಗಾಲಿಗೆ ತಾಗಿಕೊಂಡೇ ಇತ್ತು. ಆ ಕಾಲಿನಲ್ಲಿ ಸ್ಪರ್ಶ ಸತ್ತು ವಾರವಾಗಿತ್ತು. ಸೊಸೆಗೆ ಗೊತ್ತಾಗಲಿಲ್ಲ. ಕಾವಿಗೆ ಕಣ್ಣು ಮಬ್ಬಾಗಿ, ತಲೆ ಕುರ್ಚಿಗೆ ಒರಗಿ, ಅರೆ ಎಚ್ಚರದಲ್ಲಿದ್ದಳು.

ಮೇಜಿನ ಬಳಿ ಹೂಂಗುಟ್ಟಪ್ಪ ತುತ್ತು ಎತ್ತಿದವನು ನಿಲ್ಲಿಸಿ ಗಾಳಿ ಮೂಸಿದ. ವಾರಗಟ್ಟಲೆ ಹ್ಞೂಂ ಬಿಟ್ಟು ಬೇರೆ ಮಾತಾಡದವನ ಬಾಯಿಂದ ಅಂದು ಪೂರ್ತಿ ವಾಕ್ಯ ಬಂತು.

"ಏನಮ್ಮಾ ಇದು ಘಮಘಮ ಅಂತಿದೆ, ಏನು ಹುರೀತಿದ್ದೀಯ? ನನಗೂ ಒಂಚೂರು ಹಾಕು."

"ನಾನೇನೂ ಹುರೀತಿಲ್ಲವಲ್ಲೋ," ಎಂದಳು ಅತ್ತೆ. "ಒಲೆ ಆರಿಸಿಯೇ ಬಂದೆ."

ಮೊದಲು ಎದ್ದದ್ದು ಹುಡುಗಿ. ಉಗ್ರಾಣದ ಬಾಗಿಲು ತೆಗೆದು ಕಂಬಳಿ ಎಳೆದಳು. ಹೊಗೆ ಮುಖಕ್ಕೆ ಬಡಿಯಿತು. "ಅಮ್ಮಾ, ನಿನ್ನ ಕಾಲು! ನಿನ್ನ ಕಾಲಮ್ಮಾ!" ಎಂದು ಅವಳು ಕಿರುಚಿದಾಗ ಸೊಸೆ ಕಣ್ಣು ತೆರೆದು, ಬಗ್ಗಿ, ಬೇರೆ ಯಾರದೋ ಕಾಲು ನೋಡುವಂತೆ ನೋಡಿದಳು. ಕಾಲು ಎತ್ತಿದಾಗ ಚರ್ಮದ ಒಂದು ಭಾಗ ಬಲ್ಬಿನಲ್ಲೇ ಉಳಿಯಿತು.

ಆಸ್ಪತ್ರೆಯಲ್ಲಿ ಗಾಯಕ್ಕೆ ಔಷಧಿ ಹಾಕಿ ಕಟ್ಟಿದ ಮೇಲೆ ನರಗಳ ಡಾಕ್ಟರಮ್ಮ ಬಂದಳು. ಕಣ್ಣಿಗೆ ಬೆಳಕು ಬಿಟ್ಟು ನೋಡಿದಳು. ಈಗ ಎಡಗಣ್ಣಿಗೂ ಹಿಡಿದಿತ್ತು. ಒಂದಿಷ್ಟು ವಾಪಸು ಬರಬಹುದು, ಒಂದಿಷ್ಟು ಬರಲಾರದು ಎಂದಳು. ಔಷಧಿ ಯಾಕೆ ತಪ್ಪಿಸಿದಿರಿ ಎಂದು ಕೇಳಿ, ಪೆಟ್ಟಿಗೆಯ ಕಥೆ ಕೇಳಿ, ಅವಳ ಮುಖ ಕಪ್ಪಿಟ್ಟಿತು.

"ಬಿಸಿ ಆಗಲ್ಲ, ಬಿಸಿನೀರೂ ಬೇಡ ಅಂತ ನಾನು ಅವತ್ತೇ ಹೇಳಿದ್ದೆ. ಕಾಲಿಗೆ ಸುಟ್ಟರೂ ಗೊತ್ತಾಗಲ್ಲ, ಹುಷಾರು ಅಂತಾನೂ ಹೇಳಿದ್ದೆ."

"ನನಗೆ ಯಾರೂ ಹೇಳ್ಲಿಲ್ಲ," ಎಂದಳು ಸೊಸೆ.

"ನಿಮ್ಮ ಮನೆಯವರಿಗೆ ಹೇಳಿದ್ದೆ. ಬಾಗಿಲ ಹತ್ರ."

ಎಲ್ಲರೂ ಹೂಂಗುಟ್ಟಪ್ಪನ ಕಡೆ ತಿರುಗಿದರು. "ಅಪ್ಪ ಅಷ್ಟೊಂದು ಉಮೇದಿನಲ್ಲಿ ಮಾಡ್ತಿದ್ರು," ಎಂದ. ಅಷ್ಟೇ. ಒಂದು ಹೆಣ್ಣಿನ ಕಣ್ಣಿಗೆ, ಕಾಲಿಗೆ ಅವನ ಲೆಕ್ಕದಲ್ಲಿ ಇದ್ದ ಬೆಲೆ ಅಪ್ಪನ ಉಮೇದು. ಸೊಸೆ ಅವನನ್ನು ಬಯ್ಯಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿ, "ಡಾಕ್ಟರಮ್ಮ, ಇನ್ನುಮುಂದೆ ಏನಿದ್ರೂ ನನಗೇ ಹೇಳಿ," ಎಂದಳು. ದೊಡ್ಡ ಔಷಧಿಗೆ ಹೊಸ ದಿನ ಗೊತ್ತಾಯಿತು.

ಅವಳನ್ನು ಅಲ್ಲಿ ಬಿಟ್ಟು ಮನೆಗೆ ಬಂದಾಗ ಮೇಜಿನ ಮೇಲೆ ತಟ್ಟೆಗಳು ಹಾಗೇ ಇದ್ದವು. ಅತ್ತೆ ಮೇಲೆ ಮುಚ್ಚಳ ಮುಚ್ಚಿ ಹೋಗಿದ್ದಳು. "ಅನ್ನ ಚೆಲ್ಲಬಾರದು," ಎಂದಳು. ಹೂಂಗುಟ್ಟಪ್ಪ ಕೂತು ಉಳಿದದ್ದನ್ನು ತಿಂದು ಮುಗಿಸಿದ. ಹುಡುಗಿ ಅವನು ನುಂಗುವುದನ್ನೇ ನೋಡುತ್ತ ನಿಂತಿದ್ದಳು. ಅಂದಿನಿಂದ ಅವಳು ಅಪ್ಪನ ಎದುರು ಕೂತು ಊಟ ಮಾಡಲಿಲ್ಲ.

ಸೊಸೆ ಮನೆಗೆ ಮರಳಿದ್ದು ಊರುಗೋಲಿನೊಂದಿಗೆ. ಯಜಮಾನ ಕೆಲವು ದಿನ ತಲೆ ತಗ್ಗಿಸಿಕೊಂಡಿದ್ದ. ಆಮೇಲೆ ಮೆಲ್ಲಗೆ ಬಾಲ ಬಿಚ್ಚಿದ. "ಪೆಟ್ಟಿಗೇಲಿ ತಪ್ಪಿರಲಿಲ್ಲ. ಮಧ್ಯೆ ಒಂದು ಜಾಲರಿ ಹಾಕಿದ್ರೆ ಹೀಗಾಗ್ತಿರಲಿಲ್ಲ," ಎಂದು ಗಿರಣಿಯವನಿಗೆ ಹೇಳುತ್ತಿದ್ದುದು ಪರದೆಯಾಚೆ ಕೇಳಿಸಿತು. ಸೊಸೆ ಎದ್ದು, ಪರದೆಯನ್ನು ಊರುಗೋಲಿನಿಂದ ಸರಿಸಿ, ಅಂಗಡಿಗೆ ಬಂದು ತನ್ನ ಮಣೆಯ ಮೇಲೆ ಕೂತಳು. ಕತ್ತಿಗೆ ಒದ್ದೆ ಬಟ್ಟೆ ಸುತ್ತಿಕೊಂಡಿದ್ದಳು. ಗಿರಣಿಯವನು ಅವಳ ಕಾಲಿನ ಕಟ್ಟು ನೋಡಿ, ಕೆಲಸ ನೆನಪಾದವನಂತೆ ಹೊರಟುಹೋದ.

"ನೀನು ಯಾಕಮ್ಮ ಬಂದೆ? ಮಲಗು," ಎಂದ ಯಜಮಾನ.

ಮೂಲೆಯಲ್ಲಿ ಪೆಟ್ಟಿಗೆ ಇತ್ತು. ಕತ್ತರಿಸಿದ ಪಕ್ಕಕ್ಕೆ ತಗಡು ಹೊಡೆದು ಮತ್ತೆ ಅಂಗಡಿಯ ಕೆಲಸಕ್ಕೆ ಹಚ್ಚಿದ್ದರು. ಒಳಗೊಂದು ಮೋಟಾರು ಒಣಗುತ್ತಿತ್ತು. ವಾರ್ನಿಷ್ ವಾಸನೆಯ ಕೆಳಗೆ ಇನ್ನೊಂದು ವಾಸನೆ. ಅವಳು ಮಗಳನ್ನು ಕರೆದಳು.

"ಪೆಟ್ಟಿಗೆ ಬಾಗಿಲು ತೆಗಿ ಮಗಳೇ. ನನಗೆ ಸರಿಯಾಗಿ ಕಾಣ್ಸಲ್ಲ. ಎಡಗಡೆ ಕೆಳಗಿನ ಬಲ್ಬು ನೋಡು. ಏನಿದೆ?"

ಹುಡುಗಿ ನೋಡಿದಳು. "ಕಪ್ಪಗೆ ಏನೋ ಅಂಟಿದೆ ಅಮ್ಮ," ಎಂದು ಹಿಂದೆ ಸರಿದಳು.

"ವಾರ್ನಿಷ್ ಸಿಡಿದಿರ್ಬೇಕು," ಎಂದ ಯಜಮಾನ.

"ಒರೆಸಿದ್ರಾ ಮಾವ, ಅದನ್ನ ತಂದು ಇಲ್ಲಿ ಹಾಕೋವಾಗ?"

"ಉರಿಯೋ ಬಲ್ಬನ್ನ ಒರೆಸೋದು ಏನಕ್ಕೆ?"

"ಅದು ವಾರ್ನಿಷ್ ಅಲ್ಲ ಮಾವ. ನನ್ನ ಕಾಲು." ಅವಳು ಕೈ ಚಾಚಿ ಸ್ವಿಚ್ಚು ಆರಿಸಿದಳು. "ತಣ್ಣಗಾಗ್ಲಿ. ಆಮೇಲೆ ಹೆಬ್ಬೆರಳಲ್ಲಿ ಒತ್ತಿ ನೋಡಿ. ಅಂಟುತ್ತಾ, ಒಣಗಿದೆಯಾ, ನನಗೆ ಹೇಳಿ. ನೋಡದೇ ಈ ಅಂಗಡಿಯಿಂದ ಮಾಲು ಹೊರಗೆ ಹೋಗಲ್ಲ, ನೀವೇ ಕಲಿಸಿದ್ದು."

ಯಜಮಾನ ನಗಲು ನೋಡಿದ. ಸೊಸೆ ನಗಲಿಲ್ಲ, ಹುಡುಗಿಯೂ ನಗಲಿಲ್ಲ. ಮಗನ ಕಡೆ ನೋಡಿದ. ಮಗ ತಂತಿ ಸುತ್ತುತ್ತಿದ್ದ. ಬಲ್ಬು ತಣ್ಣಗಾದ ಮೇಲೆ, ಹುಡುಗಿಯ ಎದುರು ಸಣ್ಣವನಾಗಬಾರದೆಂದೋ ಏನೋ, ಬಗ್ಗಿ ಪೆಟ್ಟಿಗೆಯೊಳಗೆ ಕೈ ಹಾಕಿದ. ಹೆಬ್ಬೆರಳು ಗಾಜಿಗೆ ತಾಗಿತು. ಒತ್ತಿದಾಗ ಸುಕ್ಕುಗಟ್ಟಿದ ಆ ಕಪ್ಪು ಸಿಪ್ಪೆ ಗಾಜು ಬಿಟ್ಟು ಬೆರಳಿಗೆ ಅಂಟಿಕೊಂಡು ಬಂತು. ಅವನು ಬೆರಳನ್ನು ಮುಖದ ಹತ್ತಿರ ತಂದು ನೋಡಿದ. ಪರದೆಗೆ ಒರೆಸಲು ಹೋದವನು ಅರ್ಧದಲ್ಲೇ ಬಾಯಿ ಮುಚ್ಚಿಕೊಂಡು ಬೀದಿಗೆ ಓಡಿ, ಚರಂಡಿಯ ಮೇಲೆ ಬಗ್ಗಿದ.

ಅತ್ತೆ ಒಳಗಿನಿಂದ ಓಡಿಬಂದಳು. ಗಂಡ ಹೊಟ್ಟೆ ಹಿಡಿದುಕೊಂಡು ಕಕ್ಕುತ್ತಿದ್ದುದನ್ನು ಕಂಡು ಹೌಹಾರಿದಳು. "ಅಯ್ಯೋ, ಏನಾಯ್ತೇ ಇವರಿಗೆ? ಏನು ತಿಂದ್ರು?"

"ಏನೂ ತಿಂದಿಲ್ಲ ಅತ್ತೆ," ಎಂದಳು ಸೊಸೆ, ಒದ್ದೆ ಬಟ್ಟೆಯನ್ನು ಕತ್ತಿಗೆ ಸರಿಮಾಡಿಕೊಳ್ಳುತ್ತ. "ಹೇಸಿಗೆ ಆಗಿದೆ. ಮೊದಲನೇ ಸಲ ಅಲ್ವಾ, ಹಾಗೇ ಆಗುತ್ತೆ."